ಈ ಹೊತ್ತಿಗೆ ಓಡುತ್ತಿರುವುದು ಯಾರ ಸ್ಕ್ರಿಪ್ಟು?

(ಬೀದರಿನಲ್ಲಿ ಕಂಪ್ಯೂಟರ್ ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನ ಲಿನಕ್ಸ್ ಯಂತ್ರದಲ್ಲಿ, ಈ ಕ್ಷಣ ಏನೇನು ಓಡುತ್ತಿದೆ ಅಂತ ಸಾಲುಸಾಲಾಗಿ ತೋರಿಸುವ ‘ಟಾಪ್’ ಕಮಾಂಡ್ ಓಡಿಸಿ ನೋಡಿದ್ದೀರಿ? ಹೆಚ್ಚುಕಡಿಮೆ ಎಲ್ಲರ ಕೈಯೂ ಮೇಲಿದೆ. ಅದರಲ್ಲಿ ಯಾವುದಾದರೂ ಒಂದು ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಯಾರು ಶುರು ಮಾಡಿದರು, ಯಾವ ಫೈಲಿನಿಂದ, ಯಾವ ಕೆಲಸಕ್ಕೆ ಅಂತ ಕೇಳಿದರೆ ಎಷ್ಟು ಜನ ಹೇಳಬಲ್ಲಿರಿ? ಕೈಗಳು ಇಳಿದವು. ಹನ್ನೆರಡು ವರ್ಷದ ಹಿಂದೆ ನನ್ನ ಕೈಯೂ ಇಳಿಯುತ್ತಿತ್ತು. ಇವತ್ತಿನ ಮಾತೆಲ್ಲ ಈ ಎರಡನೇ ಪ್ರಶ್ನೆಯ ಬಗ್ಗೆಯೇ.

ನಾನು ಬೀದರಿನಲ್ಲಿ ಕೂತು ಹೋಸ್ಟಿಂಗ್, ಅಂದರೆ ಜನರ ವೆಬ್ ಸೈಟುಗಳನ್ನು ಸರ್ವರ್ ಯಂತ್ರದ ಮೇಲೆ ಇಟ್ಟು ನಡೆಸುವ ಕೆಲಸ ಮಾಡುವವನು. ಯಂತ್ರ ಇಲ್ಲಿಲ್ಲ, ಮುಂಬೈಯಲ್ಲಿದೆ, ಬಾಡಿಗೆಯದು. ಅದರ ಮೇಲೆ ಅರವತ್ತಕ್ಕೂ ಹೆಚ್ಚು ಸೈಟುಗಳಿವೆ. ಶಾಲೆಗಳು, ಗಾಂಧಿ ಗಂಜಿನ ಅಡತ ವ್ಯಾಪಾರಿಗಳು, ಬಿದ್ರಿ ಸಾಮಾನು ಮಾರುವವರು, ಎರಡು ಕಲ್ಯಾಣ ಮಂಟಪ, ಬೀಜ-ಗೊಬ್ಬರದ ಅಂಗಡಿ, ಊರಿನ ಕವಿಗಳ ಒಂದು ಬಳಗ. ಒಬ್ಬೊಬ್ಬರಿಗೂ ಬೇರೆ ಬೇರೆ ಸರ್ವರ್ ಹಿಡಿಯುವಷ್ಟು ದುಡ್ಡು ಯಾರ ಹತ್ತಿರವೂ ಇಲ್ಲ. ಹಾಗಾಗಿ ಎಲ್ಲರೂ ಒಂದೇ ಯಂತ್ರವನ್ನು ಹಂಚಿಕೊಂಡಿದ್ದಾರೆ. ನಮ್ಮ ಕಡೆಯ ಹಳೇ ವಾಡೆ ನೆನಪಿಸಿಕೊಳ್ಳಿ. ಅಂಗಳ ಒಂದೇ, ಬಾವಿ ಒಂದೇ, ತಲಬಾಗಿಲು ಒಂದೇ, ಒಲೆ ಮಾತ್ರ ಬೇರೆ ಬೇರೆ. ಒಂದು ಮನೆಯವರು ಮೋಟರ್ ಹಚ್ಚಿ ಬಾವಿ ಬತ್ತಿಸಿದರೆ ಉಳಿದವರ ಕೊಡಕ್ಕೂ ನೀರಿಲ್ಲ.

ಅಂಥದೊಂದು ಸಂಜೆ ನನಗೆ ಬಂತು. ಮೇ ತಿಂಗಳು, ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ. ಒಬ್ಬ ವ್ಯಾಪಾರಿ ಫೋನ್ ಮಾಡಿ, “ಸರ್, ನಮ್ಮ ಸೈಟ್ ತೆರೀವಲ್ದು, ಏನಾಗ್ಯಾದ ನೋಡ್ರಿ” ಎಂದರು. ಐದು ನಿಮಿಷದಲ್ಲಿ ಇನ್ನೂ ಮೂರು ಫೋನು. ಲಾಗಿನ್ ಆದೆ. ಒಂದು ಅಕ್ಷರ ಒತ್ತಿದರೆ ಪರದೆಯ ಮೇಲೆ ಮೂಡುವುದಕ್ಕೆ ಹತ್ತು ಸೆಕೆಂಡು ಹಿಡಿಯುತ್ತಿತ್ತು. ಲೋಡ್ 38 ಇತ್ತು. ಯಂತ್ರಕ್ಕೆ ಇದ್ದದ್ದು ನಾಲ್ಕು ಕೋರ್, ಅಂದರೆ ಒಮ್ಮೆಗೆ ನಾಲ್ಕೇ ಕೆಲಸ ಓಡಿಸಬಲ್ಲದು.

ಈ ಲೋಡ್ ಅಂಕಿಯನ್ನು ಅನೇಕರು ಸಿಪಿಯು ಬಳಕೆ ಅಂದುಕೊಳ್ಳುತ್ತಾರೆ. ಲಿನಕ್ಸಿನಲ್ಲಿ ಅದಕ್ಕೆ ಎರಡು ಬಗೆಯ ಪ್ರೊಸೆಸ್‌ಗಳು, ಅಂದರೆ ಶುರುವಾದ ಪ್ರೋಗ್ರಾಮುಗಳು, ಸೇರುತ್ತವೆ. ಓಡುತ್ತಿರುವ ಅಥವಾ ಓಡಲು ಸರದಿಯಲ್ಲಿ ನಿಂತಿರುವವು ಒಂದು ಬಗೆ. ಡಿಸ್ಕಿನಂಥ ಕಡೆಯಿಂದ ಉತ್ತರ ಬರುವವರೆಗೆ ಅಲ್ಲಾಡದೆ ಕೂತಿರುವವು ಇನ್ನೊಂದು. ಟಾಪ್‌ನಲ್ಲಿ ಇವುಗಳ ಮುಂದೆ ‘ಡಿ’ ಅಂತ ಬರುತ್ತದೆ. 38 ಅಂದರೆ ಇಷ್ಟು ಜನ ಸಾಲಿನಲ್ಲಿದ್ದಾರೆ ಅಂತ. ಅವರು ಯಾರ ಮನೆಯವರು ಅನ್ನುವುದು ಆ ಅಂಕಿಯಲ್ಲಿ ಇಲ್ಲ.

ಟಾಪ್ ತೆರೆದೆ. ಮೇಲಿಂದ ಕೆಳಗಿನವರೆಗೆ ಪ್ರತಿ ಸಾಲಿನಲ್ಲೂ ಅದೇ ಹೆಸರು, ಅಪಾಚೆ2, ಅಂದರೆ ಪುಟಗಳನ್ನು ಕೊಡುವ ವೆಬ್ ಸರ್ವರ್ ಪ್ರೋಗ್ರಾಮು. ಮಾಲೀಕನ ಕಾಲಮ್ಮಿನಲ್ಲೂ ಅದೇ ಹೆಸರು, ಅಪಾಚೆಯ ಯೂಸರ್ ಆದ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ. ಆಗ ನಾನು ಸೈಟುಗಳ ಸ್ಕ್ರಿಪ್ಟುಗಳನ್ನು, ಅಂದರೆ ಪುಟ ತಯಾರಿಸುವ ಸಣ್ಣ ಪ್ರೋಗ್ರಾಮುಗಳನ್ನು, ಓಡಿಸುವ ಪಿಎಚ್‌ಪಿಯನ್ನು ಹಳೇ ಪದ್ಧತಿಯಲ್ಲಿ, ಅಪಾಚೆಯ ಮಾಡ್ಯೂಲ್ ಆಗಿ ಹಾಕಿದ್ದೆ. ಆ ಪದ್ಧತಿಯಲ್ಲಿ ಪಿಎಚ್‌ಪಿ ಅಪಾಚೆಯ ಹೊಟ್ಟೆಯೊಳಗೇ ಓಡುತ್ತದೆ. ಶಾಲೆಯ ಸ್ಕ್ರಿಪ್ಟೂ ಅಪಾಚೆಯೇ, ಮಂಟಪದ ಸ್ಕ್ರಿಪ್ಟೂ ಅಪಾಚೆಯೇ. ಎಲ್ಲರ ಮುಖಕ್ಕೂ ಒಂದೇ ಮುಖವಾಡ.

ಬೇರೆ ದಾರಿ ಗೊತ್ತಿಲ್ಲದೆ ಸೈಟುಗಳನ್ನು ಒಂದೊಂದಾಗಿ ಮುಚ್ಚುತ್ತ ಹೋದೆ. ಒಂದು ಮುಚ್ಚು, ಎರಡು ನಿಮಿಷ ಕಾಯಿ, ಲೋಡ್ ಇಳಿಯದಿದ್ದರೆ ತೆರೆದು ಮುಂದಿನದನ್ನು ಮುಚ್ಚು. ಅಕ್ಷರಮಾಲೆಯ ಕ್ರಮದಲ್ಲಿ ಹೊರಟಿದ್ದೆ, ಸಿಕ್ಕಿದ್ದು ಕೊನೆಯ ಹತ್ತರಲ್ಲಿ. ಒಂದು ಶಾಲೆಯವರು ಹೆಚ್ಚು ಅಂಕ ಪಡೆದ ಮಕ್ಕಳ ಫೋಟೋಗಳನ್ನು ಕ್ಯಾಮೆರಾದಿಂದ ತೆಗೆದ ಹಾಗೇ ಏರಿಸಿದ್ದರು. ಪುಟ ತೆರೆದವರೊಬ್ಬೊಬ್ಬರಿಗೂ ಸ್ಕ್ರಿಪ್ಟ್ ಆ ದೊಡ್ಡ ಫೋಟೋಗಳನ್ನು ಹೊಸದಾಗಿ ಚಿಕ್ಕದು ಮಾಡಿ ಕೊಡುತ್ತಿತ್ತು. ಊರಿಗೆ ಊರೇ ತಮ್ಮ ಮಕ್ಕಳ ಫೋಟೋ ನೋಡಲು ಬಂದಿತ್ತು. ಅದರಲ್ಲಿ ತಪ್ಪಿಲ್ಲ, ಸಂತೋಷದ ವಿಷಯ. ಆದರೆ ಆ ಎರಡು ಗಂಟೆಯಲ್ಲಿ ಏನೂ ತಪ್ಪು ಮಾಡದ ಐವತ್ತು ಜನರ ಬಾಗಿಲನ್ನು ನಾನು ಮುಚ್ಚಿ ತೆರೆದಿದ್ದೆ. ಅದು ಇಂದಿಗೂ ನನಗೆ ಚುಚ್ಚುತ್ತದೆ.

ಆ ರಾತ್ರಿ ತಿಳಿದದ್ದನ್ನೇ ಇವತ್ತು ನಿಮಗೆ ಹೇಳಬೇಕು ಅಂತ ಬಂದಿದ್ದೇನೆ. ಏನು ಓಡುತ್ತಿದೆ ಅಂತ ನೋಡುವ ಕೆಲಸ ನೋಡುವ ಹೊತ್ತಿಗೆ ಶುರುವಾಗುವುದಿಲ್ಲ. ಸರ್ವರ್ ಕಟ್ಟುವ ದಿನವೇ ಶುರುವಾಗುತ್ತದೆ. ಪ್ರತಿ ಸ್ಕ್ರಿಪ್ಟೂ ತನ್ನ ಯಜಮಾನನ ಹೆಸರು ಹೊತ್ತುಕೊಂಡೇ ಓಡುವ ಹಾಗೆ ಮೊದಲೇ ಕಟ್ಟಬೇಕು. ಹೆಸರೇ ಇಲ್ಲದ ಮೇಲೆ ಎಷ್ಟು ದೊಡ್ಡ ಪರದೆ ಇಟ್ಟುಕೊಂಡು ಕೂತರೂ ಕಾಣುವುದು ಗುಂಪು ಮಾತ್ರ.

ಇಲ್ಲಿ ಸ್ವಲ್ಪ ಊರ ಮಾತು ಆಡುತ್ತೇನೆ. ಹಳೇ ಶಹರದ ನಡುವೆ, ನಾಲ್ಕು ದಾರಿ ಕೂಡುವಲ್ಲಿ ಚೌಬಾರ ಇದೆ. ನೀವೆಲ್ಲ ದಿನಾ ನೋಡುವ ಗೋಪುರ. ಕಾವಲಿಗೆ ಕಟ್ಟಿದ್ದು. ಮೇಲೆ ನಿಂತರೆ ಸುತ್ತಲ ಬಯಲಿನಲ್ಲಿ ದೂಳು ಎದ್ದದ್ದು ಕಾಣುತ್ತದೆ, ಯಾವ ದಿಕ್ಕಿನಿಂದ ಅಂತಲೂ ತಿಳಿಯುತ್ತದೆ. ಲೋಡ್ ಅಂಕಿ, ಸಿಪಿಯು ಗ್ರಾಫ್, ಇವೆಲ್ಲ ಚೌಬಾರದ ಮೇಲಿನ ನೋಟ. ಇನ್ನು ನೌಬಾದಿನ ಕಡೆ ಹೋಗಿ. ಅಲ್ಲಿ ಬಹಮನಿಯರ ಕಾಲದ ಕಾರೇಜ್ ಇದೆ, ನಮ್ಮವರು ಸುರಂಗ ಬಾವಿ ಅನ್ನುತ್ತಾರೆ. ನೆಲದಡಿಯಲ್ಲಿ ಕೊರೆದ ಕಾಲುವೆ, ಸಣ್ಣ ಇಳಿಜಾರಿನಲ್ಲಿ ನೀರು ತಾನಾಗಿ ಹರಿದು ಬರುತ್ತದೆ. ಪರ್ಷಿಯಾದಿಂದ ಬಂದ ವಿದ್ಯೆ. ಮೇಲೆ ನಡೆದಾಡುವವರಿಗೆ ಕೆಳಗೆ ನೀರಿದೆ ಅಂತಲೇ ಗೊತ್ತಾಗುವುದಿಲ್ಲ. ಆದರೆ ಕಟ್ಟಿದವರು ಉದ್ದಕ್ಕೂ ಅಲ್ಲಲ್ಲಿ ನೆಟ್ಟಗೆ ಬಾವಿಯಂಥ ಕಿಂಡಿ ಬಿಟ್ಟಿದ್ದಾರೆ. ಅಗೆಯುವಾಗ ಮಣ್ಣು ಎತ್ತಲು, ಗಾಳಿ-ಬೆಳಕು ಇಳಿಯಲು, ಮುಂದೆ ಹೂಳು ತುಂಬಿದರೆ ಮನುಷ್ಯ ಇಳಿದು ತೆಗೆಯಲು. ನೀರು ನಿಂತರೆ ಯಾವ ಎರಡು ಕಿಂಡಿಗಳ ನಡುವೆ ನಿಂತಿದೆ ಅಂತ ಬಗ್ಗಿ ನೋಡಿ ಹೇಳಬಹುದು. ಕಾಲುವೆ ಮುಗಿಸಿ, ಆಮೇಲೆ ಯೋಚಿಸಿ ಕಿಂಡಿ ತೋಡಿದ್ದಲ್ಲ. ಕಿಂಡಿ ತೋಡುತ್ತಲೇ ಕಾಲುವೆ ಮಾಡಿದ್ದು. ಅದನ್ನು ನೋಡಿದಾಗಲೆಲ್ಲ ನನಗೆ ನನ್ನ ಸರ್ವರ್ ನೆನಪಾಗುತ್ತದೆ.

ಸರಿ, ಕಿಂಡಿಗಳ ವಿಷಯಕ್ಕೆ ಬರೋಣ.

ಅಪಾಚೆಯಲ್ಲೇ ಒಂದು ಕಿಂಡಿ ಇದೆ, ಸರ್ವರ್-ಸ್ಟೇಟಸ್ ಪುಟ. ಮೇಲ್ಭಾಗದಲ್ಲಿ ಅಕ್ಷರಗಳ ಒಂದು ಪಟ್ಟಿ ಇರುತ್ತದೆ. ಒಂದೊಂದು ಅಕ್ಷರ ಒಬ್ಬೊಬ್ಬ ಕೆಲಸಗಾರ. ಅಡ್ಡಗೆರೆ ಇದ್ದರೆ ಖಾಲಿ ಕೂತಿದ್ದಾನೆ. ‘ಡಬ್ಲ್ಯೂ’ ಇದ್ದರೆ ಉತ್ತರ ಕಳಿಸುತ್ತಿದ್ದಾನೆ, ಸ್ಕ್ರಿಪ್ಟ್ ಓಡುತ್ತಿರುವಾಗ ಕಾಣುವುದೂ ಇದೇ. ‘ಕೆ’ ಇದ್ದರೆ ಅದೇ ಗಿರಾಕಿ ಮತ್ತೆ ಏನಾದರೂ ಕೇಳಿಯಾನು ಅಂತ ಬಾಗಿಲಲ್ಲಿ ನಿಂತಿದ್ದಾನೆ. ಕೆಳಗಿನ ಕೋಷ್ಟಕ ಇನ್ನೂ ಬೆಲೆಯುಳ್ಳದ್ದು. ಪ್ರತಿ ಕೆಲಸಗಾರನ ಎದುರು ಯಾವ ಸೈಟು, ಯಾವ ಪುಟ, ಶುರುವಾಗಿ ಎಷ್ಟು ಸೆಕೆಂಡಾಯಿತು ಅಂತ ಬರೆದಿರುತ್ತದೆ. ಆ ಸಂಜೆ ಈ ಪುಟ ನನಗೆ ಗೊತ್ತಿದ್ದರೆ ಎರಡು ಗಂಟೆಯ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಒಂದೇ ಶಾಲೆಯ ಹೆಸರು ಮೂವತ್ತು ಸಾಲಿನಲ್ಲಿ ಕಂಡಿರುತ್ತಿತ್ತು. ಆದರೆ ಈ ಪುಟ ವೆಬ್ಬಿನ ಮೂಲಕ ಬಂದ ಕೋರಿಕೆಯನ್ನು ಮಾತ್ರ ತೋರಿಸುತ್ತದೆ. ಗೊತ್ತುಮಾಡಿದ ಹೊತ್ತಿಗೆ ಕೆಲಸ ಶುರು ಮಾಡುವ ಕ್ರಾನ್‌ನಿಂದ ಎದ್ದದ್ದು, ಸ್ಕ್ರಿಪ್ಟೊಂದು ಬೆನ್ನ ಹಿಂದೆ ಹುಟ್ಟಿಸಿ ಬಿಟ್ಟದ್ದು ಇದರಲ್ಲಿ ಇಲ್ಲ.

ಅದಕ್ಕಾಗಿಯೇ ಎರಡನೇ ಕೆಲಸ, ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು. ಪಿಎಚ್‌ಪಿಯನ್ನು ಅಪಾಚೆಯ ಹೊಟ್ಟೆಯಿಂದ ಹೊರಗೆ ತೆಗೆದು, ಅದನ್ನು ಬೇರೆಯಾಗಿ ಓಡಿಸುವ ಪಿಎಚ್‌ಪಿ-ಎಫ್‌ಪಿಎಂಗೆ ಒಪ್ಪಿಸುವುದು. ಇದು 2010ರಲ್ಲಿ, 5.3.3ನೇ ಆವೃತ್ತಿಯಿಂದ ಪಿಎಚ್‌ಪಿಯ ಜೊತೆಗೇ ಬರುತ್ತಿದೆ. ಪ್ರತಿ ಸೈಟಿಗೂ ಒಂದು ಪೂಲ್, ಅಂದರೆ ಅದರದೇ ಕೆಲಸಗಾರರ ಗುಂಪು, ಮಾಡಿ, ಪ್ರತಿ ಪೂಲಿಗೂ ಬೇರೆ ಲಿನಕ್ಸ್ ಯೂಸರ್ ಕೊಡಿ. ಈಗ ಪ್ರೊಸೆಸ್‌ಗಳ ಪಟ್ಟಿ ಕೊಡುವ ಪಿಎಸ್ ಕಮಾಂಡ್ ಓಡಿಸಿದರೆ, ಇಲ್ಲವೇ ಟಾಪ್ ತೆರೆದು ‘ಸಿ’ ಒತ್ತಿದರೆ, ಪ್ರತಿ ಸಾಲಿನಲ್ಲೂ ಪೂಲಿನ ಹೆಸರಿರುತ್ತದೆ, ಪಕ್ಕದಲ್ಲಿ ಆ ಸೈಟಿನ ಯೂಸರ್ ಹೆಸರೂ ಇರುತ್ತದೆ. ಮುಖವಾಡ ಕಳಚಿತು. ಆ ಸ್ಕ್ರಿಪ್ಟು ಇನ್ನೊಂದು ಪ್ರೋಗ್ರಾಮನ್ನು ಹುಟ್ಟಿಸಿದರೆ ಅದಕ್ಕೂ ಅದೇ ಯೂಸರ್. ಮಗು ಎಲ್ಲೇ ಹೋಗಲಿ, ಮನೆತನದ ಹೆಸರು ಬಿಡುವುದಿಲ್ಲ. ಜೊತೆಗೆ ಒಬ್ಬರ ಫೈಲನ್ನು ಇನ್ನೊಬ್ಬರ ಸ್ಕ್ರಿಪ್ಟ್ ಓದದ ಹಾಗೆ ಫೋಲ್ಡರಿನ ಅನುಮತಿಗಳನ್ನೂ ಬಿಗಿ ಮಾಡಬಹುದು.

ಅರವತ್ತು ಪೂಲ್ ಇಟ್ಟರೆ ಮೆಮೊರಿ ಸಾಲುತ್ತದೆಯೇ ಅಂತ ಕೇಳುತ್ತೀರಿ, ನ್ಯಾಯವಾದ ಪ್ರಶ್ನೆ. ಪೂಲನ್ನು ‘ಆನ್‌ಡಿಮ್ಯಾಂಡ್’ ರೀತಿಯಲ್ಲಿ ಇಡಿ. ಗಿರಾಕಿ ಬಂದಾಗ ಮಾತ್ರ ಕೆಲಸಗಾರ ಏಳುತ್ತಾನೆ, ಹತ್ತು ಸೆಕೆಂಡು ಕೆಲಸ ಇಲ್ಲದಿದ್ದರೆ ಹೋಗಿಬಿಡುತ್ತಾನೆ. ಚಿಕ್ಕ ಸೈಟಿಗೆ ಐದೇ ಕೆಲಸಗಾರರು ಅಂತ ಮಿತಿ ಹಾಕಿ. ಈ ಮಿತಿಯೇ ವಾಡೆಯ ಬಾವಿಯನ್ನು ಕಾಯುವುದು.

ಇದರ ಬೆಲೆ ನನಗೆ ತಿಳಿದದ್ದು ಒಂದು ಜನವರಿಯಲ್ಲಿ, ತೊಗರಿ ಆವಕ ಜೋರಿದ್ದಾಗ. ಗಂಜಿನ ಒಬ್ಬ ಅಡತ ವ್ಯಾಪಾರಿಯ ಸೈಟು. ಮುಖಪುಟದ ಮೇಲೆ ದೊಡ್ಡ ಅಕ್ಷರದಲ್ಲಿ ‘ಇವತ್ತಿನ ತೊಗರಿ ಭಾವ’. ಹಳ್ಳಿಯಿಂದ ಗಾಡಿ ಹೊರಡಿಸುವ ಮುಂಚೆ ರೈತರು ಮೊಬೈಲಿನಲ್ಲಿ ಅದನ್ನು ನೋಡುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಫೋನ್ ಬಂತು, ಸೈಟ್ ತೆರೆಯುತ್ತಿಲ್ಲ. ನೋಡಿದೆ. ಲೋಡ್ ಒಂದಕ್ಕಿಂತ ಕಡಿಮೆ. ಸಿಪಿಯು ಆರಾಮಾಗಿದೆ. ಉಳಿದೆಲ್ಲ ಸೈಟು ಓಡುತ್ತಿವೆ. ಇವರದು ಮಾತ್ರ ಸತ್ತಿದೆ. ಪಿಎಸ್‌ನಲ್ಲಿ ಅವರ ಪೂಲಿನ ಐದೂ ಜನ ಕೆಲಸಗಾರರಿದ್ದಾರೆ, ಐವರ ಸಿಪಿಯು ಬಳಕೆಯೂ ಸೊನ್ನೆ.

ಚೌಬಾರದ ಮೇಲಿನಿಂದ ನೋಡಿದ್ದರೆ ಎಲ್ಲ ಕ್ಷೇಮ ಅನ್ನಬೇಕಿತ್ತು. ಇಲ್ಲಿ ಕೈಹಿಡಿದದ್ದು ಎಫ್‌ಪಿಎಂನ ಸ್ಲೋಲಾಗ್. ಒಂದು ಕೋರಿಕೆ ಇಷ್ಟು ಸೆಕೆಂಡಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡರೆ ಅದು ಆ ಕ್ಷಣದಲ್ಲಿ ಕೋಡಿನ ಯಾವ ಸಾಲಿನಲ್ಲಿ ನಿಂತಿದೆ ಅಂತ ಬರೆದಿಡು, ಎಂದು ಎಫ್‌ಪಿಎಂಗೆ ಹೇಳಬಹುದು. ನಾನು ಐದು ಸೆಕೆಂಡು ಇಟ್ಟಿದ್ದೆ. ಲಾಗ್ ತೆರೆದರೆ ಒಂದೇ ತರಹದ ನಾಲ್ಕು ಸಾಲು ಮತ್ತೆ ಮತ್ತೆ. ಮೊದಲ ಸಾಲಿನಲ್ಲಿ ಪೂಲಿನ ಹೆಸರು. ಎರಡನೆಯದರಲ್ಲಿ ಸ್ಕ್ರಿಪ್ಟಿನ ಪೂರ್ತಿ ದಾರಿ. ಮೂರನೆಯದರಲ್ಲಿ, ಫೈಲ್-ಗೆಟ್-ಕಂಟೆಂಟ್ಸ್ ಎಂಬ ಫಂಕ್ಷನ್, ಭಾವ ತೋರಿಸುವ ಫೈಲಿನ 23ನೇ ಸಾಲು. ನಾಲ್ಕನೆಯದರಲ್ಲಿ, ಅದನ್ನು ಕರೆದ ಮುಖಪುಟದ ಫೈಲು.

ವಿಷಯ ಬಿಚ್ಚಿಕೊಂಡಿತು. ಸೈಟ್ ಮಾಡಿಕೊಟ್ಟ ಹುಡುಗ, ಯಾರು ಪುಟ ತೆರೆದರೂ ಆ ಗಳಿಗೆಯಲ್ಲೇ ದೂರದ ಇನ್ನೊಂದು ಸೈಟಿಗೆ ಹೋಗಿ ಭಾವ ತರುವಂತೆ ಬರೆದಿದ್ದ. ಆ ದೂರದ ಸೈಟು ಅವತ್ತು ಉತ್ತರ ಕೊಡುತ್ತಿರಲಿಲ್ಲ. ಹೀಗೆ ಹೊರಗಿನ ಉತ್ತರಕ್ಕೆ ಕಾಯುವುದಕ್ಕೆ ಪಿಎಚ್‌ಪಿಯಲ್ಲಿ ತಾನಾಗಿ ಇರುವ ಅವಧಿ 60 ಸೆಕೆಂಡು. ಐದು ಜನ ರೈತರು ಪುಟ ತೆರೆದರೆ ಐದೂ ಕೆಲಸಗಾರರು ಒಂದು ನಿಮಿಷ ಕೈಕಟ್ಟಿ ನಿಂತರು. ಆರನೆಯವನಿಗೆ ಬಾಗಿಲೇ ಇಲ್ಲ.

ನಿಮ್ಮಲ್ಲಿ ಕೆಲವರು, ಪಿಎಚ್‌ಪಿ ಸ್ಕ್ರಿಪ್ಟಿಗೆ 30 ಸೆಕೆಂಡಿನ ಮಿತಿ ಇದೆಯಲ್ಲ, ಅದು ಯಾಕೆ ಕಡಿಯಲಿಲ್ಲ ಅಂತ ಯೋಚಿಸುತ್ತಿರಬೇಕು. ನಾನೂ ಅದನ್ನೇ ನಂಬಿಕೊಂಡಿದ್ದೆ. ಲಿನಕ್ಸಿನಲ್ಲಿ ಆ ಮಿತಿ ಸ್ಕ್ರಿಪ್ಟು ತಾನು ದುಡಿದ ಹೊತ್ತನ್ನು ಮಾತ್ರ ಎಣಿಸುತ್ತದೆ. ಹೊರಗಿನ ಸೈಟಿಗೆ ಕಾದದ್ದು, ಡೇಟಾಬೇಸಿಗೆ ಕಾದದ್ದು, ನಿದ್ದೆ ಮಾಡಿದ್ದು ಲೆಕ್ಕಕ್ಕಿಲ್ಲ. ಗೋಡೆ ಗಡಿಯಾರದ ಪ್ರಕಾರ ಕಡಿಯಬೇಕು ಅಂದರೆ ಎಫ್‌ಪಿಎಂನಲ್ಲಿ ‘ರಿಕ್ವೆಸ್ಟ್ ಟರ್ಮಿನೇಟ್ ಟೈಮೌಟ್’ ಅಂತ ಬೇರೆಯೇ ಇದೆ, ಅದನ್ನು ನೀವೇ ಹಾಕಬೇಕು, ತಾನಾಗಿ ಇರುವುದಿಲ್ಲ. ದಯವಿಟ್ಟು ಇದನ್ನು ಬರೆದುಕೊಳ್ಳಿ. ವರ್ಷಗಟ್ಟಲೆ ಕೆಲಸ ಮಾಡಿದವರೂ ಇಲ್ಲಿ ಎಡವುತ್ತಾರೆ.

ಪರಿಹಾರ ಸಣ್ಣದು. ಕಾಯುವ ಅವಧಿ ಮೂರು ಸೆಕೆಂಡಿಗೆ ಇಳಿಸಿದೆವು. ಕಾಲು ಗಂಟೆಗೆ ಒಮ್ಮೆ ಭಾವ ತಂದು ಒಂದು ಫೈಲಿನಲ್ಲಿಟ್ಟು, ಬಂದವರಿಗೆಲ್ಲ ಅದನ್ನೇ ತೋರಿಸುವಂತೆ ಮಾಡಿದೆವು. ಜೊತೆಗೆ ಕೆಳಗೆ ಸಣ್ಣ ಅಕ್ಷರದಲ್ಲಿ ‘ಬೆಳಿಗ್ಗೆ 10.45ರ ಭಾವ’ ಅಂತ ಹೊತ್ತು ಬರೆಸಿದೆವು. ವ್ಯಾಪಾರಿ ನೋಡಿ, “ಯಾವ ಹೊತ್ತಿನ ಭಾವ ಅಂತ ಮಂದಿಗಿ ಗೊತ್ತಾಗ್ತದ, ಇದೇ ಚಲೋ ಆಯ್ತ್ ನೋಡ್ರಿ” ಎಂದರು. ಆ ಬೆಳಿಗ್ಗೆ ಉಳಿದ ಅರವತ್ತು ಜನರಲ್ಲಿ ಒಬ್ಬರಿಗೂ ಹೀಗೊಂದು ತೊಂದರೆ ಆಗಿತ್ತು ಅಂತ ತಿಳಿಯಲೇ ಇಲ್ಲ.

ಎಫ್‌ಪಿಎಂಗೂ ತನ್ನದೇ ಸ್ಟೇಟಸ್ ಪುಟ ಇದೆ. ಪೂರ್ತಿ ವಿವರ ಕೇಳಿದರೆ ಪ್ರತಿ ಕೆಲಸಗಾರ ಯಾವ ಸ್ಕ್ರಿಪ್ಟಿನಲ್ಲಿದ್ದಾನೆ, ಎಷ್ಟು ಮೈಕ್ರೋಸೆಕೆಂಡಾಯಿತು, ಎಲ್ಲ ಹೇಳುತ್ತದೆ. ಆದರೆ ಒಂದು ತೊಡಕಿದೆ. ಆ ಪುಟವನ್ನು ಕೊಡುವವನೂ ಅದೇ ಪೂಲಿನ ಕೆಲಸಗಾರ. ಐದೂ ಜನ ಸಿಕ್ಕಿಬಿದ್ದಾಗ, ಅಂದರೆ ನಿಮಗೆ ಬೇಕಾದ ಗಳಿಗೆಯಲ್ಲೇ, ಸ್ಟೇಟಸ್ ಪುಟವೂ ಸರದಿಯಲ್ಲಿ ನಿಲ್ಲುತ್ತದೆ. ತೊಗರಿಯ ದಿನ ನನಗೆ ಆದದ್ದು ಅದೇ, ಪುಟ ತಿರುಗುತ್ತಲೇ ಇತ್ತು. 2020ರಲ್ಲಿ ಬಂದ ಪಿಎಚ್‌ಪಿ 8.0ರಿಂದ ಸ್ಟೇಟಸ್‌ಗೆ ಪ್ರತ್ಯೇಕ ಬಾಗಿಲು ಕೊಡುವ ಸೌಕರ್ಯ ಇದೆ, ಅದನ್ನು ಬಳಸಿ.

ಡೇಟಾಬೇಸಿನ ಮಾತು ಬೇಗ ಮುಗಿಸುತ್ತೇನೆ. ಪ್ರತಿ ಸೈಟಿಗೂ ಬೇರೆ ಡೇಟಾಬೇಸ್ ಯೂಸರ್ ಕೊಡಿ, ಆಗ ‘ಶೋ ಪ್ರೊಸೆಸ್‌ಲಿಸ್ಟ್’ ಅಂದರೆ ಯಾರ ಪ್ರಶ್ನೆ ಎಷ್ಟು ಹೊತ್ತಿನಿಂದ ನಿಂತಿದೆ ಅಂತ ಹೆಸರಿನೊಂದಿಗೆ ಬರುತ್ತದೆ. ನಿಧಾನ ಪ್ರಶ್ನೆಗಳ ಲಾಗಿನ ಮಿತಿ ಮೈಎಸ್‌ಕ್ಯೂಎಲ್‌ನಲ್ಲಿ ತಾನಾಗಿ ಹತ್ತು ಸೆಕೆಂಡು ಇರುತ್ತದೆ, ನಾನು ಎರಡಕ್ಕೆ ಇಳಿಸಿದ್ದೇನೆ. ಸೈಟು ಕಟ್ಟಲು ಬಳಸುವ ವರ್ಡ್‌ಪ್ರೆಸ್ ಇದ್ದರೆ, ಅದರ ಡಬ್ಲ್ಯೂಪಿ-ಕ್ರಾನ್ ಗಿರಾಕಿ ಬಂದಾಗಲೆಲ್ಲ ಎದ್ದು ಕೆಲಸ ಇದೆಯೇ ಅಂತ ನೋಡುತ್ತದೆ. ಅದನ್ನು ನಿಲ್ಲಿಸಿ ಸರ್ವರಿನ ಕ್ರಾನ್‌ಗೆ ಒಪ್ಪಿಸಿದರೆ ಯಾವ ಹೊತ್ತಿಗೆ ಏನು ಏಳುತ್ತದೆ ಎಂಬುದು ನಿಮ್ಮ ಕೈಯಲ್ಲಿರುತ್ತದೆ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಆ ಕ್ಷಣದ ನೋಟ. ಆದರೆ ಹೆಚ್ಚಿನ ಸ್ಕ್ರಿಪ್ಟುಗಳು ಅರ್ಧ ಸೆಕೆಂಡೂ ಬದುಕುವುದಿಲ್ಲ. ನೀವು ಬಗ್ಗಿ ನೋಡುವಷ್ಟರಲ್ಲಿ ಹರಿದು ಹೋಗಿರುತ್ತವೆ. ಹಾಗಾಗಿ ಕಿರ್ದಿ ಬೇಕು. ಗಂಜಿನಲ್ಲಿ ಗುಮಾಸ್ತ ಅವತ್ತಿನದನ್ನು ಅವತ್ತೇ ಬರೆಯುತ್ತಾನಲ್ಲ, ಹಾಗೆ. ನನ್ನ ಕಿರ್ದಿಯ ಮುಖ್ಯ ಪುಟ ಅಪಾಚೆಯ ಆಕ್ಸೆಸ್ ಲಾಗ್. ತಾನಾಗಿ ಬರುವ ರೂಪದಲ್ಲಿ ಅದು ಸಾಲದು, ಸೈಟಿನ ಹೆಸರು ಮತ್ತು ಆ ಕೋರಿಕೆಗೆ ಹಿಡಿದ ಮೈಕ್ರೋಸೆಕೆಂಡು ಎರಡನ್ನೂ ಸೇರಿಸಿಕೊಳ್ಳಬೇಕು. ಆಮೇಲೆ ಯಾವ ಸೈಟಿನ ಯಾವ ಪುಟ ಒಂದು ದಿನದಲ್ಲಿ ಒಟ್ಟು ಎಷ್ಟು ಹೊತ್ತು ತಿಂದಿತು ಅಂತ ಕೂಡಿಸಬಹುದು. ಮೂವತ್ತು ಸೆಕೆಂಡಿನ ಒಂದು ಪುಟಕ್ಕಿಂತ ಅರ್ಧ ಸೆಕೆಂಡಿನ ಪುಟ ಲಕ್ಷ ಸಲ ಓಡಿದ್ದು ಹೆಚ್ಚು ತಿಂದಿರುತ್ತದೆ, ಕೂಡಿಸದೆ ಅದು ಕಾಣುವುದಿಲ್ಲ. ಎರಡನೆಯದು ಲಿನಕ್ಸಿನ ಒಳತಿರುಳಾದ ಕರ್ನೆಲ್ಲಿನ ಪ್ರೊಸೆಸ್ ಅಕೌಂಟಿಂಗ್, ಮುಗಿದ ಪ್ರತಿ ಪ್ರೊಸೆಸ್ಸಿನ ಹೆಸರು, ಯೂಸರ್, ಹೊತ್ತು ಬರೆದಿಡುತ್ತದೆ. ಎಫ್‌ಪಿಎಂ ಕೆಲಸಗಾರ ಒಬ್ಬನೇ ನೂರಾರು ಸ್ಕ್ರಿಪ್ಟ್ ಓಡಿಸುವುದರಿಂದ ಅವು ಇದರಲ್ಲಿ ಬಿಡಿಬಿಡಿಯಾಗಿ ಬರುವುದಿಲ್ಲ. ಆದರೆ ಸ್ಕ್ರಿಪ್ಟೊಂದು ಶೆಲ್ ತೆರೆದು ಬೇರೆ ಕಮಾಂಡ್ ಓಡಿಸಿದರೆ ಬರುತ್ತದೆ. ಕಲ್ಯಾಣ ಮಂಟಪದ ಯೂಸರ್ ಹೆಸರಿನಲ್ಲಿ ರಾತ್ರಿ ಎರಡಕ್ಕೆ ಪರ್ಲ್ ಎಂಬ ಬೇರೆ ಭಾಷೆಯ ಪ್ರೋಗ್ರಾಮು ಓಡಿದೆ ಅಂದರೆ ಎದ್ದು ಕೂಡಬೇಕು. ಮೂರನೆಯದು ನನ್ನದೇ, ನಿಮಿಷಕ್ಕೊಮ್ಮೆ ಪಿಎಸ್‌ನ ಪಟ್ಟಿಯನ್ನು ಒಂದು ಫೈಲಿಗೆ ಬರೆಸುತ್ತೇನೆ. ದಿನಾ ಬೆಳಿಗ್ಗೆ ಚಹಾದ ಜೊತೆ ಅದನ್ನು ಓದುತ್ತೇನೆ.

ಟಪಾಲಿನ, ಅಂದರೆ ಇಮೇಲಿನ ವಿಷಯ ಇಲ್ಲೇ ಸೇರಿಸುತ್ತೇನೆ, ಏಕೆಂದರೆ ಹಂಚಿಕೆಯ ಸರ್ವರಿನಲ್ಲಿ ಹೆಚ್ಚು ಜನರ ಹೊಟ್ಟೆಗೆ ಹೊಡೆಯುವುದು ಇದು. ಒಬ್ಬರ ಸಂಪರ್ಕ ಫಾರ್ಮ್ ಹಿಡಿದು ಯಾರೋ ಕಸದ ಮೇಲ್ ಕಳಿಸಿದರೆ ಐಪಿ ವಿಳಾಸ ಎಲ್ಲರದೂ ಒಂದೇ ಆದ್ದರಿಂದ ಎಲ್ಲರ ಟಪಾಲೂ ವಾಪಸ್ ಬರುತ್ತದೆ. 5.3ನೇ ಆವೃತ್ತಿಯಿಂದ ಪಿಎಚ್‌ಪಿ, ತಾನು ಕಳಿಸಿದ ಇಮೇಲಿನ ತಲೆಬರಹದಲ್ಲಿ ಯಾವ ಯೂಸರ್ ನಂಬರ್, ಯಾವ ಸ್ಕ್ರಿಪ್ಟ್ ಅಂತ ಗುರುತು ಹಾಕಬಲ್ಲದು. ಹಳೇ ಪದ್ಧತಿಯಲ್ಲಿದ್ದಾಗ ನಾನದನ್ನು ಹಚ್ಚಿ ನೋಡಿದೆ. ಪ್ರತಿ ಇಮೇಲಿನಲ್ಲೂ ‘33: ಕಾಂಟ್ಯಾಕ್ಟ್.ಪಿಎಚ್‌ಪಿ’. ನನ್ನ ಯಂತ್ರದಲ್ಲಿರುವ ಲಿನಕ್ಸ್ ಬಗೆಯಾದ ಡೆಬಿಯನ್‌ನಲ್ಲಿ 33 ಅಂದರೆ ಅದೇ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ, ಮತ್ತು ನಲವತ್ತು ಸೈಟಿನಲ್ಲಿ ಕಾಂಟ್ಯಾಕ್ಟ್ ಅನ್ನುವ ಫೈಲಿತ್ತು. ಹೆಸರಿಲ್ಲದ ಕಡೆ ಗುರುತು ಹಾಕಿದರೂ ವ್ಯರ್ಥ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ. ಯೂಸರ್ ಬೇರೆ ಬೇರೆ ಮಾಡಿದ ಮೇಲೆ ಅದೇ ಸಾಲು ನೆಟ್ಟಗೆ ಮನೆ ಬಾಗಿಲಿಗೆ ಕರೆದುಕೊಂಡು ಹೋಯಿತು. ಮೇಲ್ ಲಾಗ್ ಕೂಡ ಹಚ್ಚಿದರೆ ಫೈಲಿನ ಪೂರ್ತಿ ದಾರಿ, ಸಾಲಿನ ಸಂಖ್ಯೆ ಸಿಗುತ್ತದೆ.

ಈಗ ನನಗೆ ಬಹಳ ಕಲಿಸಿದ ಘಟನೆ. ಒಂದು ಬೆಳಿಗ್ಗೆ ಕಿರ್ದಿ ಓದುವಾಗ ಕಣ್ಣು ಒಂದು ಸಾಲಿನ ಮೇಲೆ ನಿಂತಿತು. ಪ್ರೊಸೆಸ್ಸಿನ ಹೆಸರು ಎಚ್‌ಟಿಟಿಪಿಡಿ. ನೋಡಿದರೆ ವೆಬ್ ಸರ್ವರಿನದೇ ಹೆಸರು, ಅನುಮಾನಕ್ಕೆ ಎಡೆಯಿಲ್ಲ. ಆದರೆ ಎಚ್‌ಟಿಟಿಪಿಡಿ ಅನ್ನುವುದು ರೆಡ್‌ಹ್ಯಾಟ್ ಮನೆತನದ ಯಂತ್ರಗಳಲ್ಲಿ ಅಪಾಚೆಗೆ ಇರುವ ಹೆಸರು. ನನ್ನದು ಡೆಬಿಯನ್, ಇಲ್ಲಿ ಅದರ ಹೆಸರು ಅಪಾಚೆ2. ನನ್ನ ಯಂತ್ರದಲ್ಲಿ ಆ ಹೆಸರಿನ ಪ್ರೊಸೆಸ್ ಇರುವ ಹಾಗೇ ಇಲ್ಲ. ಮಾಲೀಕನ ಕಾಲಮ್ ನೋಡಿದೆ. ಬಿದ್ರಿ ಸಾಮಾನಿನ ಅಂಗಡಿಯ ಯೂಸರ್.

ಲಿನಕ್ಸಿನಲ್ಲಿ ಪ್ರೊಸೆಸ್ಸು ಪಿಎಸ್‌ನಲ್ಲಿ ಕಾಣುವ ತನ್ನ ಹೆಸರನ್ನು ತಾನೇ ಬದಲಿಸಿಕೊಳ್ಳಬಹುದು. ಪರ್ಲ್‌ನಲ್ಲಿ ಅದು ಒಂದು ಸಾಲಿನ ಕೆಲಸ. ಬದಲಿಸಿಕೊಳ್ಳಲು ಆಗದ್ದು ಯೂಸರ್. ಪೂಲ್ ಬೇರೆ ಮಾಡಿರದಿದ್ದರೆ ಆ ಸಾಲು ಮುಖವಾಡಗಳ ಗುಂಪಿನಲ್ಲಿ ಇನ್ನೊಂದು ಮುಖವಾಡವಾಗಿ ಉಳಿದುಬಿಡುತ್ತಿತ್ತು.

ಇಂಥದ್ದು ಕಂಡಾಗ ಕೈ ‘ಕಿಲ್ 9’ ಕಡೆ ಓಡುತ್ತದೆ. ತಡೆಯಿರಿ. ಕೊಂದರೆ ಅದರ ಜೊತೆ ಸಾಕ್ಷ್ಯವೂ ಹೋಗುತ್ತದೆ. ‘ಕಿಲ್ ಸ್ಟಾಪ್’ ಕೊಡಿ. ಅದು ಇದ್ದಲ್ಲೇ ಕಲ್ಲಾಗುತ್ತದೆ, ಸಾಯುವುದಿಲ್ಲ. ಆಮೇಲೆ ಪ್ರತಿ ಪ್ರೊಸೆಸ್ಸಿನ ವಿವರ ಇರುವ ಪ್ರಾಕ್ ಫೋಲ್ಡರಿನಲ್ಲಿ ಅದರ ನಂಬರಿನ ಕೋಣೆಗೆ ಹೋಗಿ. ‘ಎಕ್ಸಿ’ ಎಂಬ ಕೊಂಡಿ, ನಿಜವಾಗಿ ಓಡುತ್ತಿರುವ ಪ್ರೋಗ್ರಾಮ್ ಯಾವುದು ಅಂತ ಹೇಳುತ್ತದೆ. ನನಗೆ ಕಂಡದ್ದು ಪರ್ಲ್. ‘ಸಿಡಬ್ಲ್ಯೂಡಿ’ ಎಂಬ ಕೊಂಡಿ ಅದು ಯಾವ ಫೋಲ್ಡರಿನಲ್ಲಿ ನಿಂತಿದೆ ಅಂತ ಹೇಳುತ್ತದೆ. ಕಂಡದ್ದು ಅಂಗಡಿಯ ಫೋಟೋಗಳ ಅಪ್‌ಲೋಡ್ಸ್ ಫೋಲ್ಡರ್. ‘ಎಫ್‌ಡಿ’ ಎಂಬ ಒಳಕೋಣೆ ಯಾವ ಫೈಲು ತೆರೆದುಕೊಂಡಿದೆ, ಸಂಪರ್ಕ ಇದೆಯೇ ಅಂತ ಹೇಳುತ್ತದೆ, ಸಂಪರ್ಕ ಎಲ್ಲಿಗೆ ಅನ್ನುವುದನ್ನು ‘ಎಸ್ಎಸ್’ ಕಮಾಂಡ್ ಹೇಳುತ್ತದೆ. ಹೊರಗಿನ ಒಂದು ಯಂತ್ರದ 6667ನೇ ಪೋರ್ಟಿಗೆ ಸಂಪರ್ಕ ಇತ್ತು. ಹಳೇ ಚಾಟ್ ಸರ್ವರುಗಳ ಪೋರ್ಟು ಅದು. ಅಲ್ಲಿಂದ ಯಾರೋ ಆಜ್ಞೆ ಕೊಡುತ್ತಿದ್ದರು, ಇದು ಕಾದು ಕೂತಿತ್ತು.

ಆ ಫೋಲ್ಡರಿಗೆ ಇಳಿದೆ. ಹೂದಾನಿಗಳು, ಕುಪ್ಪಿಗಳು, ಕಪ್ಪು ಹೊಳಪಿನ ಮೇಲೆ ಬೆಳ್ಳಿಯ ಬಳ್ಳಿ, ನೂರಾರು ಫೋಟೋ. ನಡುವೆ ಒಂದು ಪಿಎಚ್‌ಪಿ ಫೈಲು. ಅದರ ತಾರೀಖು ಪಕ್ಕದ ಫೋಟೋಗಳದ್ದೇ, ಮೂರು ವರ್ಷ ಹಿಂದಿನದು. ಇಲ್ಲಿ ಜಾಣತನ ಬೇಕು. ಫೈಲಿಗೆ ತಾರೀಖು ಒಂದೇ ಅಲ್ಲ. ಒಳಗಿನದು ಬದಲಾದ ತಾರೀಖನ್ನು ‘ಟಚ್’ ಕಮಾಂಡಿನಿಂದ ಯಾರು ಬೇಕಾದರೂ ಹಿಂದೂಡಬಹುದು. ಆದರೆ ಸಿ-ಟೈಮ್ ಅಂತ ಇನ್ನೊಂದಿದೆ, ಅದನ್ನು ಕರ್ನೆಲ್ ಬರೆಯುತ್ತದೆ, ಟಚ್‌ಗೆ ಅದು ಬಗ್ಗುವುದಿಲ್ಲ. ‘ಸ್ಟ್ಯಾಟ್’ ಹಾಕಿ ನೋಡಿದರೆ ಸಿ-ಟೈಮ್ ನಾಲ್ಕು ದಿನ ಹಿಂದಿನ ರಾತ್ರಿ 2.17. ಆಕ್ಸೆಸ್ ಲಾಗಿನಲ್ಲಿ 2.17 ಹುಡುಕಿದೆ. ಸೈಟಿಗೆ ಜೋಡಿಸಿದ್ದ ಒಂದು ಹಳೇ ಪ್ಲಗಿನ್‌ಗೆ ಬಂದ, ಹೊರಗಿನಿಂದ ಡೇಟಾ ಕಳಿಸುವ ಒಂದೇ ಒಂದು ಪೋಸ್ಟ್ ಕೋರಿಕೆ. ಬಾಗಿಲು ಅದೇ. ಕೊನೆಗೆ ಆ ಯೂಸರ್‌ನ ಕ್ರಾನ್‌ಟ್ಯಾಬ್, ಅಂದರೆ ಕ್ರಾನ್ ಕೆಲಸಗಳ ಪಟ್ಟಿ, ತೆರೆದೆ. ಐದು ನಕ್ಷತ್ರದ ಒಂದು ಸಾಲು, ಅಂದರೆ ನಿಮಿಷಕ್ಕೊಮ್ಮೆ, ಅದು ಸತ್ತಿದ್ದರೆ ಮತ್ತೆ ಎಬ್ಬಿಸು. ಮೊದಲೇ ಕೊಂದಿದ್ದರೆ ಒಂದು ನಿಮಿಷದಲ್ಲಿ ಹೊಸ ನಂಬರಿನಲ್ಲಿ ಎದ್ದು ಕೂತಿರುತ್ತಿತ್ತು.

ಆದ್ದರಿಂದ ಮೊದಲು ಕ್ರಾನ್ ಸಾಲು ತೆಗೆದೆ, ಆಮೇಲೆ ಪ್ರೊಸೆಸ್ ಕೊಂದೆ, ಫೈಲನ್ನು ಅಳಿಸದೆ ಬೇರೆ ಕಡೆ ಕಟ್ಟಿಟ್ಟೆ, ಪ್ಲಗಿನ್ ತೆಗೆದೆ, ಪಾಸ್‌ವರ್ಡುಗಳನ್ನೆಲ್ಲ ಬದಲಿಸಿದೆ. ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಓಡಲೇಬಾರದು ಅಂತ ಎಲ್ಲ ಸೈಟಿಗೂ ಅಪಾಚೆಯಲ್ಲಿ ನಿಯಮ ಹಾಕಿದೆ. ಫೋಟೋ ಇಡುವ ಜಾಗದಲ್ಲಿ ಸ್ಕ್ರಿಪ್ಟಿಗೆ ಏನು ಕೆಲಸ? ಆಮೇಲೆ ಅಂಗಡಿಯ ಯಜಮಾನರಿಗೆ ಫೋನ್ ಮಾಡಿದೆ. ವಯಸ್ಸಾದವರು, ಐವತ್ತು ವರ್ಷ ಉಳಿ ಹಿಡಿದ ಕೈ. ಎಲ್ಲ ಕೇಳಿಸಿಕೊಂಡು, “ನಮ್ಮಿಂದೇನರ ತಪ್ಪ್ ಆಗ್ಯಾದೇನ್ರಿ?” ಅಂತ ಕೇಳಿದರು. ಇಲ್ಲ ಅಂದೆ. “ಹೂದಾನಿ ಫೋಟೋ ಉಳದಾವಲ್ರೀ? ಅವು ಮಾರಿ ಹೋದವು, ಫೋಟೋ ಅಷ್ಟೇ ಇರೋದು.” ಒಂದೂ ಹೋಗಿಲ್ಲ ಅಂದಾಗ ಆ ಕಡೆ ಅವರು ಉಸಿರು ಬಿಟ್ಟದ್ದು ಕೇಳಿಸಿತು. ಪಟ್ಟಿಯಲ್ಲಿ ಕಾಣುವ ಯೂಸರ್ ಹೆಸರಿನ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ, ಅವನಿಗೆ ಫೋನ್ ಮಾಡುವುದೂ ನಮ್ಮ ಕೆಲಸದ ಭಾಗವೇ. ಸೈಟು ಮುಚ್ಚಿ, ಕಾರಣ ಹೇಳದೆ, ಟಿಕೆಟ್ ನಂಬರ್ ಕೊಟ್ಟು ಕೂಡಿಸುವುದನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು, ನೋಡುವ ಅಧಿಕಾರದ ಬಗ್ಗೆ. ಕಿಂಡಿ ತೋಡಿದವನು ಅದಕ್ಕೆ ಮುಚ್ಚಳವನ್ನೂ ಇಡಬೇಕು. ಸರ್ವರ್-ಸ್ಟೇಟಸ್ ಪುಟವನ್ನು ಲೋಕಕ್ಕೆಲ್ಲ ತೆರೆದಿಟ್ಟ ಸರ್ವರುಗಳನ್ನು ನಾನು ನೋಡಿದ್ದೇನೆ. ಯಾವ ವಿಳಾಸದವರು ಯಾವ ಪುಟ ನೋಡುತ್ತಿದ್ದಾರೆ ಅಂತ ದಾರಿಹೋಕರಿಗೂ ಕಾಣುತ್ತದೆ. ಅದು ಯಂತ್ರದ ಒಳಗಿನಿಂದ ಮಾತ್ರ ತೆರೆಯಬೇಕು. ಹಾಗೆಯೇ ಪಿಎಸ್ ಹಾಕಿದರೆ ಒಬ್ಬ ಯೂಸರ್‌ಗೆ ಇನ್ನೊಬ್ಬರ ಪ್ರೊಸೆಸ್ಸುಗಳೂ ಕಾಣುತ್ತವೆ. ಯಾರಾದರೂ ಕಮಾಂಡಿನ ಸಾಲಿನಲ್ಲೇ ಪಾಸ್‌ವರ್ಡ್ ಬರೆದಿದ್ದರೆ ಅದೂ ಬಯಲು. ಪ್ರಾಕ್ ಅನ್ನು ‘ಹೈಡ್‌ಪಿಡ್ 2’ ಅಂತ ಹಚ್ಚಿದರೆ ಅವರವರಿಗೆ ಅವರವರದು ಮಾತ್ರ ಕಾಣುತ್ತದೆ. ಎಲ್ಲ ಕಾಣುವುದು ಯಂತ್ರವನ್ನು ನಡೆಸುವ ಯೂಸರ್ ಆದ ರೂಟ್‌ಗೆ, ಅಂದರೆ ನಿಮಗೆ. ಯಾವ ಸ್ಕ್ರಿಪ್ಟ್, ಯಾರದು, ಎಷ್ಟು ಹೊತ್ತು, ಇಷ್ಟು ನೋಡಿ. ಶಾಲೆಯ ಡೇಟಾಬೇಸಿನಲ್ಲಿ ಯಾವ ಮಗುವಿಗೆ ಎಷ್ಟು ಅಂಕ ಬಂದಿದೆ ಅನ್ನುವುದು ನಿಮ್ಮ ಕಣ್ಣಿಗೆ ಎಟುಕಿದರೂ ಅದು ನಿಮ್ಮದಲ್ಲ. ಏನೇನು ದಾಖಲಿಸುತ್ತೇನೆ, ಎಷ್ಟು ದಿನ ಇಡುತ್ತೇನೆ ಅಂತ ನನ್ನ ಗಿರಾಕಿಗಳಿಗೆ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಕೊಟ್ಟಿದ್ದೇನೆ.

ಪಕ್ಕದ ಲ್ಯಾಬಿನಲ್ಲಿ ಒಂದು ಹಳೇ ಯಂತ್ರ ತಂದಿಟ್ಟಿದ್ದೇನೆ. ಅದರಲ್ಲಿ ನಾಲ್ಕು ಸೈಟು, ನಾಲ್ಕು ಪೂಲು. ಒಂದು ಸೈಟು ಹೊರಗಿನ ಉತ್ತರಕ್ಕೆ ಕಾಯುತ್ತ ನಿಂತಿದೆ. ಇನ್ನೊಂದರ ಹೆಸರಿನಲ್ಲಿ ಒಂದು ಪ್ರೊಸೆಸ್ ಸುಳ್ಳು ಹೆಸರು ಇಟ್ಟುಕೊಂಡು ಓಡುತ್ತಿದೆ. ಅದು ಯಾರಿಗೂ ಕೆಡಕು ಮಾಡುವುದಿಲ್ಲ, ನಾನೇ ಬರೆದದ್ದು. ಇಬ್ಬಿಬ್ಬರಾಗಿ ಕೂತು ಹುಡುಕಿ. ಯಾರದು, ಯಾವ ಫೈಲಿನಿಂದ ಹುಟ್ಟಿತು, ಕೊಂದರೆ ಮತ್ತೆ ಯಾರು ಎಬ್ಬಿಸುತ್ತಾರೆ, ಮೂರನ್ನೂ ಒಂದು ಚೀಟಿಯಲ್ಲಿ ಬರೆದು ತನ್ನಿ. ಸಂಜೆ ಐದರವರೆಗೆ ನಾನು ಇಲ್ಲೇ ಇರುತ್ತೇನೆ.